ಭಾನುವಾರದ ರಜೆಗೂ ಒಂದು ಇತಿಹಾಸವಿದೆ

ಧ್ವನಿಮುದ್ರಣಕ್ಕೆ ಮೊದಲು ಮೈಕಿನ ಮಟ್ಟ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಸ್ಟುಡಿಯೋಕ್ಕೆ ಬಂದ ವಿದ್ಯಾರ್ಥಿಗಳನ್ನು ಏನಾದರೂ ಮಾತನಾಡಿಸಬೇಕಾಗುತ್ತದೆ. ‘ಈ ಭಾನುವಾರ ಏನು ಮಾಡುತ್ತೀರಿ?’ ಎಂದು ಕೇಳುವುದು ನಮ್ಮಲ್ಲಿ ರೂಢಿ. ಉತ್ತರಗಳು ಬಗೆಬಗೆಯವು. ನಂದಿಬೆಟ್ಟಕ್ಕೆ ಹೋಗುತ್ತೇವೆ, ಕಿರುಚಿತ್ರ ತೆಗೆಯುತ್ತಿದ್ದೇವೆ, ನಾಟಕದ ತಾಲೀಮು ಇದೆ, ಪ್ರಾಜೆಕ್ಟ್ ಮುಗಿಸಬೇಕು, ಹತ್ತು ಗಂಟೆಯವರೆಗೆ ಮಲಗುತ್ತೇನೆ. ಆದರೆ ಆ ದಿನ ರಜೆ ಏಕಿದೆ ಎಂಬ ಪ್ರಶ್ನೆ ಯಾರಿಗೂ ಹೊಳೆದಂತೆ ಕಾಣುವುದಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಭಾನುವಾರ ಶಾಲೆಗೆ ಬೀಗ ಬೀಳುತ್ತದೆ. ಎರಡೂ ನಿಸರ್ಗದ ನಿಯಮಗಳೇ ಎಂಬ ಹಾಗೆ!

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪ್ರಸಿದ್ಧ ಉದ್ಯಮಿಯೊಬ್ಬರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ದೊಡ್ಡ ಕಂಪನಿಯೊಂದರ ಮುಖ್ಯಸ್ಥರು ಇನ್ನೂ ಮುಂದೆ ಹೋಗಿ 90 ಗಂಟೆಯ ಮಾತಾಡಿದರು, ಭಾನುವಾರವೂ ದುಡಿಸಿಕೊಳ್ಳಲು ಆಗುತ್ತಿಲ್ಲವಲ್ಲ ಎಂದು ವಿಷಾದಿಸಿದರು. ಪತ್ರಿಕೆಗಳಲ್ಲಿ ಪರ ವಿರೋಧ ಎರಡೂ ಬಂದವು. ಆ ಚರ್ಚೆಯಲ್ಲಿ ಬಹುಮಂದಿ ಭಾನುವಾರವನ್ನು ಒಂದು ಸೌಕರ್ಯವೆಂಬಂತೆ, ಕಂಪನಿಗಳು ಕೊಡುವ ಕಾಫಿಯಂತೆ, ಪರಿಗಣಿಸಿದ್ದು ನನಗೆ ವಿಚಿತ್ರವೆನಿಸಿತು. ಅದರ ಹಿಂದಿನ ಕಥೆ ಬೇರೆಯೇ ಇದೆ.

ಮೊದಲು ವಾರದ ವಿಷಯ. ನಾನು ವಿಜ್ಞಾನ ಓದಿದವನು, ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಸಹಿಸಿಕೊಳ್ಳಿ. ದಿನ, ತಿಂಗಳು, ವರ್ಷ ಇವು ಮೂರೂ ಆಕಾಶದಿಂದ ಬಂದವು. ಭೂಮಿ ತನ್ನ ಸುತ್ತ ತಿರುಗಿದರೆ ದಿನ, ಚಂದ್ರ ಹುಣ್ಣಿಮೆಯಿಂದ ಹುಣ್ಣಿಮೆಗೆ ಬಂದರೆ ತಿಂಗಳು, ಭೂಮಿ ಸೂರ್ಯನನ್ನು ಸುತ್ತಿದರೆ ವರ್ಷ. ವಾರಕ್ಕೆ ಅಂಥ ಆಧಾರವಿಲ್ಲ. ಏಳು ದಿನಕ್ಕೊಮ್ಮೆ ಆಕಾಶದಲ್ಲಿ ಏನೂ ನಡೆಯುವುದಿಲ್ಲ. ಅದು ಮನುಷ್ಯ ಮಾಡಿಕೊಂಡ ಏರ್ಪಾಡು. ವಾರಗಳ ಹೆಸರು ಮಾತ್ರ ಗ್ರಹಗಳದು, ಅದೂ ಒಂದು ಕೌತುಕದ ಕ್ರಮದಲ್ಲಿ. ಪ್ರಾಚೀನರು ಗ್ರಹಗಳನ್ನು ದೂರದಿಂದ ಹತ್ತಿರಕ್ಕೆ ಹೀಗೆ ಜೋಡಿಸಿದ್ದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳಿಗೆ ಒಬ್ಬೊಬ್ಬರನ್ನು ಸರದಿಯಂತೆ ಒಡೆಯನನ್ನಾಗಿ ಮಾಡಿದರು. ಮೊದಲ ಹೋರೆಯ ಒಡೆಯನೇ ಆ ದಿನದ ಒಡೆಯ. ಶನಿಯಿಂದ ಎಣಿಸಲು ತೊಡಗಿದರೆ 22ನೆಯ ಹೋರೆ ಮತ್ತೆ ಶನಿಯದು, 23 ಗುರುವಿನದು, 24 ಕುಜನದು. ಮರುದಿನದ ಮೊದಲ ಹೋರೆ ರವಿಗೆ ಬೀಳುತ್ತದೆ. ಶನಿವಾರವಾದ ಮೇಲೆ ರವಿವಾರ! ಕಾಗದದ ಮೇಲೆ ಹೀಗೆಯೇ ಮುಂದುವರಿಸಿ ನೋಡಿ, ರವಿಯ ನಂತರ ಸೋಮ, ಸೋಮನ ನಂತರ ಮಂಗಳ ತಾನಾಗಿಯೇ ಬರುತ್ತವೆ. 24ನ್ನು 7ರಿಂದ ಭಾಗಿಸಿದಾಗ ಉಳಿಯುವ 3ರ ಮಹಿಮೆ ಇದು.

ನಮ್ಮ ದೇಶದ ಶಾಸನಗಳಲ್ಲಿ ವಾರದ ಹೆಸರು ಮೊದಲಿಗೆ ಸಿಗುವುದು ಮಧ್ಯಪ್ರದೇಶದ ಏರಣ್ ಎಂಬಲ್ಲಿರುವ ಬುಧಗುಪ್ತನ ಕಾಲದ ಕಂಬದ ಮೇಲೆ. ಕ್ರಿ.ಶ. 484ರ ಆ ಶಾಸನದಲ್ಲಿ ದಾಖಲಾಗಿರುವುದು ಒಂದು ಗುರುವಾರ. ಕನ್ನಡದ ಶಾಸನಗಳಲ್ಲಂತೂ ವಾರಗಳು ಯಥೇಚ್ಛ. ಆದಿತ್ಯವಾರ, ಸೋಮವಾರ, ಬೃಹಸ್ಪತಿವಾರಗಳ ಜೊತೆಗೆ ‘ವಡ್ಡವಾರ’ ಎಂಬ ಸೊಗಸಾದ ಹೆಸರೊಂದು ಬರುತ್ತದೆ. ಅದು ಶನಿವಾರ. ಆದರೆ ದಾನದತ್ತಿ ಕೊಡಲು ಒಳ್ಳೆಯ ದಿನವೆಂದು ಆದಿತ್ಯವಾರವನ್ನು ಆರಿಸಿಕೊಂಡವರು ಅಂದು ಕೆಲಸ ನಿಲ್ಲಿಸುತ್ತಿದ್ದರೆಂದು ತಿಳಿಯಬೇಡಿ. ವಾರ ಇತ್ತು, ವಾರದ ರಜೆ ಇರಲಿಲ್ಲ.

ಹಾಗೆಂದು ನಮ್ಮ ಹಿರಿಯರು ವಿರಾಮವಿಲ್ಲದೆ ದುಡಿಯುತ್ತಿದ್ದರೆಂದೂ ಅಲ್ಲ. ಹಬ್ಬ, ಜಾತ್ರೆ, ತೇರು, ಊರ ಸಂತೆ ಇದ್ದೇ ಇದ್ದವು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹಲವು ಕಸುಬುದಾರರು ಅಮಾವಾಸ್ಯೆಯ ದಿನ ಉಪಕರಣ ಮುಟ್ಟುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು, ರಜೆ ಮೊದಲು ಸಿಕ್ಕಿದ್ದು ಎತ್ತಿಗೆ, ಅದರ ಬೆನ್ನಿಗೆ ಒಕ್ಕಲಿಗನಿಗೆ. ಮಳೆ ಹದ ಕೊಟ್ಟಾಗ ಹಗಲಿರುಳು ದುಡಿ, ಸುಗ್ಗಿ ಮುಗಿದ ಮೇಲೆ ಕಟ್ಟೆಯ ಮೇಲೆ ಕೂರು. ಬೇಸಾಯದ ಬದುಕಿಗೆ ಅಷ್ಟು ಸಾಕಾಗಿತ್ತು.

ಭಾನುವಾರದ ರಜೆ ಪಶ್ಚಿಮದ್ದು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲಿ ನ್ಯಾಯಾಲಯಗಳೂ ನಗರದ ಕುಶಲಕರ್ಮಿಗಳೂ ಸೂರ್ಯನ ದಿನದಂದು ವಿರಾಮ ತೆಗೆದುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ರೈತರಿಗೆ ಮಾತ್ರ ವಿನಾಯಿತಿ, ಬಿತ್ತನೆಯ ಹದ ತಪ್ಪಬಾರದೆಂದು. ಹದಿನೈದು ಶತಮಾನಗಳ ನಂತರ ಇಂಗ್ಲಿಷರ ಜೊತೆಗೆ ಆ ವಾಡಿಕೆ ಇಲ್ಲಿನ ಕಚೇರಿಗಳಿಗೂ ಶಾಲೆಗಳಿಗೂ ಬಂತು. ಸಾಹೇಬರಿಗೆ ಚರ್ಚು, ಗುಮಾಸ್ತರಿಗೆ ಎಣ್ಣೆಸ್ನಾನ. ಕಾರ್ಖಾನೆಯ ಬಾಗಿಲಿನ ಹೊರಗೇ ಅದು ನಿಂತುಬಿಟ್ಟಿತ್ತು.

ಮುಂಬಯಿಯಲ್ಲಿ ಮೊದಲ ಬಟ್ಟೆ ಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ಮುಂದಿನ ಮೂರು ದಶಕಗಳಲ್ಲಿ ಗಿರಣಿಗಳ ಚಿಮಣಿಗಳು ನಗರದ ಚಹರೆಯನ್ನೇ ಬದಲಿಸಿದವು. ಕೊಂಕಣದಿಂದ, ಘಟ್ಟದ ಮೇಲಿನಿಂದ ಸಾವಿರಾರು ಜನ ಬಂದರು. ಗಿರಣಿಯ ಗಡಿಯಾರ ಆಗ ಸೂರ್ಯನೇ. ಬೆಳಕು ಮೂಡಿದಾಗ ಯಂತ್ರ ಚಾಲೂ, ಕತ್ತಲಾದಾಗ ಬಂದ್. ಬೇಸಿಗೆಯಲ್ಲಿ ಹಗಲು ಉದ್ದವಾದಂತೆ ದುಡಿಮೆಯೂ ಹದಿಮೂರು ಗಂಟೆ ಮೀರುತ್ತಿತ್ತು. ಮುಂದೆ ವಿದ್ಯುತ್ ದೀಪ ಬಂದಾಗ ಸಂಜೆಯ ಈ ಮಿತಿಯೂ ಹೋಯಿತು. ವಿಜ್ಞಾನದ ಪಾಠದಲ್ಲಿ ನಾವು ವಿದ್ಯುದ್ದೀಪವನ್ನು ಕೊಂಡಾಡುತ್ತೇವೆ. ಮುಂಬಯಿಯ ನೇಕಾರನಿಗೆ ಅದು ಮೊದಲು ತಂದದ್ದು ಇನ್ನಷ್ಟು ಗಂಟೆಗಳ ದುಡಿಮೆಯನ್ನು.

1881ರಲ್ಲಿ ದೇಶದ ಮೊದಲ ಕಾರ್ಖಾನೆ ಕಾಯ್ದೆ ಬಂತು. ಅದು ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಬಾರದೆಂದಿತು. ಏಳರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9 ಗಂಟೆಯ ಮಿತಿ, ತಿಂಗಳಿಗೆ ನಾಲ್ಕು ರಜೆ. ದೊಡ್ಡವರ ಬಗ್ಗೆ ಒಂದು ಮಾತೂ ಇಲ್ಲ. ಈ ಕಾಯ್ದೆಗೆ ಒತ್ತಾಯಿಸಿದವರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಗಿರಣಿ ಮಾಲೀಕರೂ ಇದ್ದರೆಂಬುದು ಸೋಜಿಗ. ಮುಂಬಯಿಯ ಅಗ್ಗದ ದುಡಿಮೆ ತಮ್ಮ ವ್ಯಾಪಾರಕ್ಕೆ ಪೆಟ್ಟು ಕೊಡುತ್ತದೆಂಬ ಭಯ ಅವರದು. ಕರುಣೆಯ ಹಿಂದೆ ಲಾಭದ ಲೆಕ್ಕವೂ ಇರಬಹುದೆಂಬುದಕ್ಕೆ ಇತಿಹಾಸದಲ್ಲಿ ಇಂಥ ನಿದರ್ಶನಗಳು ಬೇಕಾದಷ್ಟಿವೆ.

ಈ ಹಂತದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಮುಂದೆ ಬಂದರು. 1848ರಲ್ಲಿ ಠಾಣೆಯಲ್ಲಿ ಹುಟ್ಟಿದವರು. ಹೆಚ್ಚಿನ ಓದಿಗೆ ಅನುಕೂಲವಿರಲಿಲ್ಲ. ರೈಲ್ವೆಯಲ್ಲಿ, ಅಂಚೆಯಲ್ಲಿ ಕೆಲಸ ಮಾಡಿ, ಕೊನೆಗೆ ಮುಂಬಯಿಯ ಗಿರಣಿಯೊಂದರಲ್ಲಿ ಉಗ್ರಾಣದ ಲೆಕ್ಕ ನೋಡಿಕೊಂಡಿದ್ದರು. ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರು. ಕಾರ್ಮಿಕರ ಬದುಕನ್ನು ಅವರು ಉಗ್ರಾಣದ ಕಿಟಕಿಯಿಂದ ದಿನವೂ ನೋಡಬಲ್ಲವರಾಗಿದ್ದರು. ‘ದೀನಬಂಧು’ ಎಂಬ ಮರಾಠಿ ಪತ್ರಿಕೆಯೊಂದಿತ್ತು, 1877ರಲ್ಲಿ ಪುಣೆಯಲ್ಲಿ ಕೃಷ್ಣರಾವ್ ಭಾಲೇಕರ್ ಆರಂಭಿಸಿದ್ದು. ಅದನ್ನು 1880ರಲ್ಲಿ ಲೋಖಂಡೆ ಮುಂಬಯಿಗೆ ತಂದು, ಸಂಪಾದಕತ್ವ ವಹಿಸಿಕೊಂಡು, ಸಾಯುವವರೆಗೂ ನಡೆಸಿದರು. ಗಿರಣಿಯೊಳಗಿನ ಸಂಗತಿಯೂ ಸುದ್ದಿಯಾಗಬಲ್ಲದು ಎಂಬ ತಿಳಿವಳಿಕೆಯೇ ಆಗ ಹೊಸದು. ಸುದ್ದಿಯ ವೃತ್ತಿಯ ಪಕ್ಕದಲ್ಲೇ ಇರುವ ನನ್ನಂಥವನಿಗೆ ಅವರ ಸಾಧನೆಗಳಲ್ಲಿ ಇದೇ ದೊಡ್ಡದಾಗಿ ಕಾಣುತ್ತದೆ.

1884ರ ಸೆಪ್ಟೆಂಬರ್‌ನಲ್ಲಿ ಅವರು ಗಿರಣಿ ಕಾರ್ಮಿಕರ ಸಭೆಗಳನ್ನು ಕರೆದು ಒಂದು ಮನವಿಯನ್ನು ಸಿದ್ಧಪಡಿಸಿದರು. ಅದಕ್ಕೆ 5,500 ಕಾರ್ಮಿಕರು ಒಪ್ಪಿಗೆ ಹಾಕಿದರು. ಬೇಡಿಕೆಗಳನ್ನು ಓದಿದರೆ ಇಂದಿಗೆ ಎಷ್ಟು ಸಣ್ಣವೆನಿಸುತ್ತದೆ! ಭಾನುವಾರ ಪೂರ್ತಿ ರಜೆ ಬೇಕು. ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ ಬೇಕು. ಬೆಳಿಗ್ಗೆ ಆರೂವರೆಗೆ ಕೆಲಸ ಶುರುವಾಗಿ ಸೂರ್ಯಾಸ್ತಕ್ಕೆ ಮುಗಿಯಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 15ನೆಯ ತಾರೀಕಿನೊಳಗಾದರೂ ಕೈಗೆ ಬರಬೇಕು. ಕೆಲಸದಲ್ಲಿ ಅಂಗಹೀನರಾದವರಿಗೆ ಪರಿಹಾರ ಬೇಕು.

ಲೋಖಂಡೆಯವರು ಭಾನುವಾರವನ್ನೇ ಏಕೆ ಕೇಳಿದರು? ಅದು ಖಂಡೋಬನ ವಾರ, ಗಿರಣಿಯ ಜನರ ಮನೆದೇವರ ದಿನ ಎಂಬುದು ಅವರು ಮುಂದಿಟ್ಟ ವಾದವೆಂದು ಮಹಾರಾಷ್ಟ್ರದಲ್ಲಿ ಹೇಳುತ್ತಾರೆ. ಈ ಖಂಡೋಬನೇ ನಮ್ಮ ಮೈಲಾರಲಿಂಗ. ಅವನಿಗೂ ಇಲ್ಲಿ ಭಾನುವಾರವೇ ವಿಶೇಷ. ಸಾಹೇಬರ ಚರ್ಚಿನ ದಿನವನ್ನು ಭಂಡಾರದ ದೇವರ ದಿನವೆಂದು ಕೇಳಿ ಪಡೆಯುವ ಈ ಜಾಣ್ಮೆ ನನಗೆ ಬಹಳ ಹಿಡಿಸಿತು. ವಾರದ ಆರು ದಿನ ಹೊಟ್ಟೆಪಾಡಿಗಾದರೆ ಒಂದು ದಿನ ಸಮಾಜದ ಕೆಲಸಕ್ಕೆ ಬೇಕು ಎಂದೂ ಅವರು ವಾದಿಸಿದರಂತೆ. ರಜೆ ಕೇವಲ ಮೈ ನೋವು ಇಳಿಸಿಕೊಳ್ಳಲು ಅಲ್ಲ ಎಂಬ ಯೋಚನೆ ಅದರಲ್ಲಿತ್ತು.

ಮಾಲೀಕರು ಒಪ್ಪಲಿಲ್ಲ. ಆರು ವರ್ಷ ಅರ್ಜಿ, ಸಭೆ, ಮತ್ತೆ ಅರ್ಜಿ. ಲೋಖಂಡೆಯವರ ‘ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್’ ದೇಶದ ಮೊದಲ ಕಾರ್ಮಿಕ ಸಂಘವೆಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ನಿಜ ಹೇಳಬೇಕೆಂದರೆ ಅದಕ್ಕೆ ಸದಸ್ಯರ ಪಟ್ಟಿಯಾಗಲಿ, ನಿಧಿಯಾಗಲಿ, ನಿಯಮಾವಳಿಯಾಗಲಿ ಇರಲಿಲ್ಲವೆಂದು ಸರ್ಕಾರಿ ವರದಿಯೇ ಹೇಳಿದೆ. ಇದ್ದದ್ದು ಒಬ್ಬ ಮನುಷ್ಯ, ಒಂದು ಪತ್ರಿಕೆ ಮತ್ತು ಕರೆದರೆ ಬರುವ ಜನ. 1890ರ ಏಪ್ರಿಲ್ 24ರಂದು ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಹತ್ತು ಸಾವಿರ ಕಾರ್ಮಿಕರು ಸೇರಿದರು. ಇಬ್ಬರು ಮಹಿಳಾ ಕಾರ್ಮಿಕರು ಸಭೆಯನ್ನುದ್ದೇಶಿಸಿ ಮಾತನಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. 1891ರ ಕಾಯ್ದೆ ಅದನ್ನು ಶಾಸನವಾಗಿಸಿತು. ಮಹಿಳೆಯರಿಗೆ ದಿನಕ್ಕೆ 11 ಗಂಟೆಯ ಮಿತಿ ಬಂದದ್ದೂ ಆಗಲೇ.

ಲೋಖಂಡೆ 1897ರ ಫೆಬ್ರವರಿಯಲ್ಲಿ ಪ್ಲೇಗಿಗೆ ಬಲಿಯಾದರು. ಮುಂಬಯಿಯನ್ನು ಅದು ಅಲ್ಲೋಲಕಲ್ಲೋಲ ಮಾಡುತ್ತಿದ್ದಾಗ ರೋಗಿಗಳ ಸೇವೆಗೆ ನಿಂತಿದ್ದರು. ವಯಸ್ಸು ಐವತ್ತೂ ಆಗಿರಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಮುಂದಿನದ್ದು ನಿಧಾನದ ಕಥೆ, ಅಂಕಿಗಳಲ್ಲಿ ಹೇಳಿದರೆ ಸಾಕು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ. 1922ರಲ್ಲಿ ವಾರಕ್ಕೆ 60 ಗಂಟೆ. 1934ರಲ್ಲಿ 54. 1946ರಲ್ಲಿ 48. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ 48 ಗಂಟೆಯನ್ನೇ ಉಳಿಸಿಕೊಂಡಿತು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಐದು ದಿನಗಳ ವಾರ 1985ರಲ್ಲಿ ಬಂತು. ಅರುವತ್ತರಿಂದ ನಲವತ್ತೆಂಟಕ್ಕೆ ಇಳಿಯಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಎಪ್ಪತ್ತರ ಮಾತು ಕೇಳಿದಾಗ ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ರಜೆ ಇದ್ದರಾಯಿತು, ಯಾವ ದಿನವಾದರೇನು ಎಂದು ನೀವು ಕೇಳಬಹುದು. ಈ ಪ್ರಯೋಗವೂ ಆಗಿದೆ. 1929ರಲ್ಲಿ ಸೋವಿಯತ್ ಒಕ್ಕೂಟ ಯಂತ್ರಗಳು ನಿಲ್ಲಬಾರದೆಂದು ಐದು ದಿನಗಳ ವಾರವನ್ನು ಜಾರಿಗೆ ತಂದಿತು. ಕಾರ್ಮಿಕರನ್ನು ಐದು ಬಣ್ಣಗಳ ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ದಿನ ರಜೆ ಕೊಟ್ಟಿತು. ಲೆಕ್ಕಕ್ಕೆ ನೋಡಿದರೆ ಏಳಕ್ಕೊಂದು ಬದಲು ಐದಕ್ಕೊಂದು ರಜೆ, ಲಾಭವೇ. ಆದರೆ ಗಂಡನ ಬಣ್ಣ ಬೇರೆ, ಹೆಂಡತಿಯ ಬಣ್ಣ ಬೇರೆ. ಗೆಳೆಯರು ಸಿಗುವುದಿಲ್ಲ, ಮಕ್ಕಳು ಸಿಗುವುದಿಲ್ಲ. ಯಂತ್ರಗಳೂ ಬಿಡುವಿಲ್ಲದೆ ಕೆಟ್ಟವು. 1931ರಲ್ಲಿ ಆರು ದಿನಗಳ ವಾರ ಮಾಡಿದರು. 1940ರಲ್ಲಿ ಹಳೆಯ ಏಳು ದಿನಗಳ ವಾರಕ್ಕೇ ಮರಳಿದರು. ಒಂಟಿಯಾಗಿ ಸಿಕ್ಕ ರಜೆಯಲ್ಲಿ ನಿದ್ದೆ ಮಾಡಬಹುದು, ನಾಟಕ ಆಡಲಾಗದು.

ಬಿಡುವಿನ ವೇಳೆಯಲ್ಲಿ ಏನೇನು ಆಗಬಹುದೆಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1907ರಲ್ಲಿ ಹದಿನೆಂಟು ವರ್ಷದ ತರುಣನೊಬ್ಬ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ. ಹೆಸರು ಚಂದ್ರಶೇಖರ ವೆಂಕಟರಾಮನ್. ಭೌತವಿಜ್ಞಾನದಲ್ಲಿ ಎಂ.ಎ. ಪದವಿ ಇತ್ತು. ಆದರೆ ಆಗ ಭಾರತೀಯನೊಬ್ಬ ವಿಜ್ಞಾನವನ್ನೇ ನಂಬಿ ಬದುಕುವ ಅವಕಾಶ ಇರಲಿಲ್ಲವೆಂದೇ ಹೇಳಬೇಕು. ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ಒಂದು ಫಲಕ ಕಣ್ಣಿಗೆ ಬಿತ್ತು: ‘ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್’. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಜನರ ದೇಣಿಗೆಯಿಂದ ಕಟ್ಟಿದ ಸಂಸ್ಥೆ ಅದು. ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ರಾಮನ್ ಒಳಗೆ ಹೋದರು. ಆಶುತೋಷ್ ಡೇ ಎಂಬ ಸಹಾಯಕರು ಬಾಗಿಲು ತೆರೆದರು. ಮುಂದೆ ದಶಕಗಳ ಕಾಲ ಅವರು ರಾಮನ್ನರ ಬಲಗೈ ಆಗಿದ್ದರು.

ಬೆಳಿಗ್ಗೆ ಐದೂವರೆಗೆ ಪ್ರಯೋಗಶಾಲೆ, ಹತ್ತಕ್ಕೆ ಮುಂಚೆ ಮನೆಗೆ ಓಡಿಬಂದು ಸ್ನಾನ, ಊಟ, ಕಚೇರಿ. ಸಂಜೆ ಐದರ ನಂತರ ಮತ್ತೆ ಪ್ರಯೋಗಶಾಲೆ, ರಾತ್ರಿ ಒಂಬತ್ತೂವರೆ ಹತ್ತರವರೆಗೆ. ಭಾನುವಾರವಂತೂ ಇಡೀ ದಿನ ಅಲ್ಲಿಯೇ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿದ್ದನ್ನು ಬಿಟ್ಟರೆ 1917ರವರೆಗೆ ಇದೇ ದಿನಚರಿ. ತಂತಿಗಳ ಕಂಪನ, ಏಕತಾರಿಯ ನಾದ, ಬೆಳಕಿನ ವಿವರ್ತನೆ ಇವೆಲ್ಲ ಆ ಬಿಡುವಿನ ವೇಳೆಯ ಸಂಶೋಧನೆಗಳು. ಸರ್ಕಾರಿ ಲೆಕ್ಕಪತ್ರಗಳ ನಡುವೆ ಎರಡು ಡಜನ್‌ಗೂ ಹೆಚ್ಚು ಸಂಶೋಧನ ಲೇಖನಗಳು ಹೊರಬಂದವು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ಕರೆದಾಗ ಸಂಬಳ ಸುಮಾರು ಅರ್ಧಕ್ಕೆ ಇಳಿದರೂ ಅಧಿಕಾರಿಯ ಕುರ್ಚಿ ಬಿಟ್ಟು ಪ್ರಾಧ್ಯಾಪಕರಾದರು. ಅದೇ ಬೌಬಜಾರಿನ ಪ್ರಯೋಗಶಾಲೆಯಲ್ಲಿ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಪತ್ತೆಯಾಯಿತು, 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. (ಕ್ಯಾಲೆಂಡರ್ ಲೆಕ್ಕ ಹಾಕಿ ನೋಡಿದೆ. 1928ರ ಆ ದಿನವೂ ಮಂಗಳವಾರ, ಗಿರಣಿ ಮಾಲೀಕರು ರಜೆಗೆ ಒಪ್ಪಿದ 1890ರ ಜೂನ್ 10 ಕೂಡ ಮಂಗಳವಾರ. ಕಾಕತಾಳೀಯ, ಬೇರೇನಲ್ಲ.)

ಇದನ್ನು ಓದಿ, ‘ನೋಡಿದಿರಾ, ರಾಮನ್ ವಾರಕ್ಕೆ ತೊಂಬತ್ತು ಗಂಟೆ ದುಡಿದರಲ್ಲ’ ಎನ್ನುವವರು ಇದ್ದಾರೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕಚೇರಿ ಐದು ಗಂಟೆಗೆ ಅವರನ್ನು ಬಿಟ್ಟುಕೊಡುತ್ತಿತ್ತು. ಸಂಜೆ ಮತ್ತು ಭಾನುವಾರ ಅವರ ಸ್ವಂತದ್ದಾಗಿತ್ತು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೇಲಧಿಕಾರಿ ಹೇಳಲಿಲ್ಲ. ಇನ್ನೊಂದು ಮಾತು. ಅಷ್ಟು ಹೊತ್ತಿಗೆ ಊಟ ಸಿದ್ಧವಾಗಿಡುತ್ತಿದ್ದ ಮನೆಯೊಂದು ಇತ್ತು. ಲೋಕಸುಂದರಿ ಅಮ್ಮಾಳ್ ಸ್ವತಃ ವೀಣೆ ಬಲ್ಲವರು. ಅವರ ಭಾನುವಾರಗಳ ಲೆಕ್ಕ ಯಾವ ಸಂಶೋಧನ ಪತ್ರಿಕೆಯಲ್ಲೂ ಇಲ್ಲ.

ನಮ್ಮ ಕನ್ನಡದ ಹವ್ಯಾಸಿ ರಂಗಭೂಮಿಯೂ ಹೀಗೆಯೇ ಕಚೇರಿ ಮುಗಿದ ಮೇಲಿನ ಫಸಲು. ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ 1909ರಷ್ಟು ಹಳೆಯದು. ಟಿ.ಪಿ. ಕೈಲಾಸಂ ಭೂಗರ್ಭ ಇಲಾಖೆಯಲ್ಲಿದ್ದವರು. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಕಥೆಗಳನ್ನು ಬರೆದರು. ಲಾಲ್‌ಬಾಗಿನಲ್ಲಿ 1970ರ ದಶಕದಿಂದಲೂ ತಿಂಗಳ ಎರಡನೆಯ ಭಾನುವಾರ ಪಕ್ಷಿವೀಕ್ಷಕರು ಸೇರುವ ಪರಿಪಾಠವಿದೆ. ಬೈನಾಕ್ಯುಲರ್ ಹಿಡಿದ ಆ ಗುಂಪಿನ ಜೊತೆ ಒಮ್ಮೆ ನಡೆದು ನೋಡಿ.

ನಮ್ಮ ಮಾಧ್ಯಮ ಭಾನುವಾರಕ್ಕೆ ಮಾಡಿದ್ದೇನು ಎಂಬುದನ್ನೂ ಹೇಳಬೇಕು. 1987ರ ಜನವರಿ 25ರಂದು ದೂರದರ್ಶನದಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾಯಿತು, 1988ರ ಅಕ್ಟೋಬರ್ 2ರಿಂದ ‘ಮಹಾಭಾರತ’. ಎರಡೂ ಭಾನುವಾರ ಬೆಳಿಗ್ಗೆ. ಬೀದಿಗಳು ಬಿಕೋ ಎನ್ನುತ್ತಿದ್ದವು, ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಕೇರಿಯೇ ತುಂಬಿರುತ್ತಿತ್ತು. ಇಡೀ ದೇಶ ಒಂದೇ ಹೊತ್ತಿನಲ್ಲಿ ಒಂದೇ ಕಥೆ ನೋಡಿದ್ದು ಆಗಲೇ. ಜೊತೆಗೆ, ಭಾನುವಾರವೆಂದರೆ ಕೂತು ನೋಡುವ ದಿನ ಎಂಬ ಅಭ್ಯಾಸವೂ ಆಗಲೇ ಬೇರೂರಿತು. ಈಗ ಆ ಪರದೆ ಅಂಗೈಗೆ ಬಂದಿದೆ. ಕೇರಿ ಸೇರುವುದು ನಿಂತಿದೆ, ಕೂತು ನೋಡುವುದು ನಿಂತಿಲ್ಲ.

ನೀವು ರಜೆಯಲ್ಲಿರುವಾಗ ಯಾರೋ ಕೆಲಸದಲ್ಲಿರುತ್ತಾರೆ. ಬಸ್ಸಿನ ಕಂಡಕ್ಟರು, ಆಸ್ಪತ್ರೆಯ ದಾದಿ, ಹೋಟೆಲಿನ ಮಾಣಿ, ನಮ್ಮ ಸ್ಟುಡಿಯೋದ ಕ್ಯಾಮೆರಾದವರು. ಇವರಲ್ಲಿ ಕೆಲವರಿಗೆ ಬುಧವಾರವೋ ಗುರುವಾರವೋ ಬದಲಿ ರಜೆ ಸಿಗುತ್ತದೆ, ಕೆಲವರಿಗೆ ಅದೂ ಇಲ್ಲ. ಕೈಗಾರಿಕೆಗಳಲ್ಲಿ ವಾರದ ರಜೆ ಕೊಡಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1921ರ ಒಪ್ಪಂದಕ್ಕೆ ಭಾರತ 1923ರಲ್ಲೇ ಸಹಿ ಮಾಡಿದೆ. ಮನೆಗೆಲಸದವರಿಗೂ ವಾರಕ್ಕೆ ಸತತ 24 ಗಂಟೆ ಬಿಡುವು ಇರಬೇಕೆನ್ನುವ 2011ರ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ.

ಸಂಬಳವಿಲ್ಲದ ಕೆಲಸದ ಅಂಕಿಗಳೂ ಈಗ ಸಿಗುತ್ತವೆ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ದೇಶವ್ಯಾಪಿ ಸಮೀಕ್ಷೆ ನಡೆಸಿತು. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ತೊಡಗಿದ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88.

ಇದನ್ನೇ ಈ ವಾರದ ನಿಮ್ಮ ಪ್ರಾಜೆಕ್ಟ್ ಮಾಡಿಕೊಳ್ಳಬಹುದು. ಒಂದು ಹಾಳೆಯಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅರ್ಧ ಗಂಟೆಗೊಂದು ಸಾಲು ಎಳೆಯಿರಿ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕಂಬ. ಭಾನುವಾರ ಯಾರು ಯಾವ ಹೊತ್ತಿಗೆ ಏನು ಮಾಡಿದರೆಂದು ತುಂಬಿ, ಆಮೇಲೆ ಅದನ್ನೇ ಸೋಮವಾರಕ್ಕೂ ಮಾಡಿ. ಯಾರ ಕಂಬದಲ್ಲಿ ಎರಡು ದಿನಕ್ಕೂ ವ್ಯತ್ಯಾಸವೇ ಇಲ್ಲವೋ ಅವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಅಜ್ಜಿ ಇದ್ದರೆ, ಅವರ ಚಿಕ್ಕಂದಿನಲ್ಲಿ ಭಾನುವಾರ ಹೇಗಿತ್ತೆಂದು ಕೇಳಿ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಿ.